ಸಂದರ್ಶನಕ್ಕೆ ಯಾವ ಹೊತ್ತು ಕೇಳಬೇಕು?

ಕೆಲಸದ ಸಂದರ್ಶನಕ್ಕೆ ಕರೆಯುವಾಗ ಈಗಿನ ಎಚ್‌ಆರ್ ವಿಭಾಗದವರು ಸಾಮಾನ್ಯವಾಗಿ ಎರಡು ಮೂರು ಸಮಯಗಳನ್ನು ಬರೆದು, ನಿಮಗೆ ಯಾವುದು ಅನುಕೂಲ ಎಂದು ಕೇಳುತ್ತಾರೆ. ಅದಕ್ಕೆ ನಮ್ಮ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಕೊಡುವ ಉತ್ತರ "ಯಾವುದಾದರೂ ಸರಿ ಸಾರ್" ಎಂಬುದು. ವಿನಯದಿಂದ, ಸ್ವಲ್ಪ ಅಂಜಿಕೆಯಿಂದಲೂ, ಹುಟ್ಟಿದ ಈ ಉತ್ತರವನ್ನು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಬೆಂಗಳೂರಿನ ಒಂದು ಕಂಪನಿಯಲ್ಲಿ ಲೆಕ್ಕಪತ್ರ ಮತ್ತು ಸಾಫ್ಟ್‌ವೇರ್ ವಿಭಾಗಗಳ ನೇಮಕಾತಿಗಾಗಿ ಹಲವು ವರ್ಷಗಳಿಂದ ಪ್ಯಾನೆಲ್‌ನಲ್ಲಿ ಕೂರುತ್ತಿರುವ ನಾನು ಖಚಿತವಾಗಿ ಹೇಳಬಲ್ಲ ಮಾತೆಂದರೆ, ಹೊತ್ತು ಲೆಕ್ಕಕ್ಕೆ ಬರುತ್ತದೆ. ತಯಾರಿಯಿಲ್ಲದವರನ್ನು ಅದು ಪಾರು ಮಾಡುವುದಿಲ್ಲ, ನಿಜ. ಆದರೆ ಹೆಚ್ಚುಕಡಿಮೆ ಸರಿಸಮನಾದ ಇಬ್ಬರು ಅಭ್ಯರ್ಥಿಗಳ ನಡುವೆ ಆಯ್ಕೆ ಮಾಡಬೇಕಾದಾಗ, ಒಬ್ಬರು ಹನ್ನೊಂದು ಗಂಟೆಗೆ ಚುರುಕಾಗಿ ಮಾತಾಡಿದ್ದು, ಇನ್ನೊಬ್ಬರು ಎರಡೂವರೆಗೆ ಬಳಲಿ ಮಾತಾಡಿದ್ದು ಫಲಿತಾಂಶವನ್ನು ತಿರುಗಿಸುವುದನ್ನು ನಾನು ಕಂಡಿದ್ದೇನೆ.

ಅಂತರಜಾಲದಲ್ಲಿ ಈ ಪ್ರಶ್ನೆಗೆ ಬಹಳ ಕಡೆ ಸಿಗುವ ಉತ್ತರ "ಮಂಗಳವಾರ ಬೆಳಿಗ್ಗೆ 10:30" ಎಂಬುದು. ಅಮೆರಿಕದ ಕಚೇರಿಗಳ ದಿನಚರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದ ಸಲಹೆಯಾದರೂ ಅದರ ಹಿಂದಿನ ತರ್ಕ ಇಲ್ಲಿಯ ಕಚೇರಿಗಳಿಗೂ ಬಹುಮಟ್ಟಿಗೆ ಹೊಂದುತ್ತದೆ. ಸೋಮವಾರ ಬೆಳಿಗ್ಗೆ ವಾರದ ಕೆಲಸ ಹಂಚುವ ಗಡಿಬಿಡಿ ಇರುತ್ತದೆ. ಶುಕ್ರವಾರ ಮಧ್ಯಾಹ್ನದ ನಂತರ ಊರಿಗೆ ಹೊರಡುವವರ ಕಣ್ಣು ಗಡಿಯಾರದ ಮೇಲೆ ಇರುತ್ತದೆ. ಉಳಿದ ಮೂರು ದಿನಗಳಲ್ಲಿಯೂ ಒಂಬತ್ತರಿಂದ ಹತ್ತರವರೆಗೆ ಇಮೇಲ್ ನೋಡುವುದು, ತಂಡದ ದಿನನಿತ್ಯದ ಚುಟುಕು ಸಭೆಯಾದ ಸ್ಟ್ಯಾಂಡಪ್ ಮೀಟಿಂಗ್, ಹಿಂದಿನ ರಾತ್ರಿ ಕೆಟ್ಟು ನಿಂತದ್ದನ್ನು ಸರಿಪಡಿಸುವುದು ಇವುಗಳಲ್ಲೇ ಕಳೆಯುತ್ತದೆ. ಸಂದರ್ಶನ ಮಾಡುವವರಿಗೆ ಅದೊಂದೇ ಕೆಲಸವಲ್ಲ ಎಂಬುದನ್ನು ಹೊಸಬರು ಅನೇಕ ವೇಳೆ ಮರೆಯುತ್ತಾರೆ. ನಿಮ್ಮ ರೆಸ್ಯೂಮೆಯನ್ನು ಅವರು ಓದುವುದು ಬಹುತೇಕ ನೀವು ಒಳಬರುವ ಹತ್ತು ನಿಮಿಷ ಮೊದಲು. ಒಂಬತ್ತಕ್ಕೆ ಸಂದರ್ಶನವಾದರೆ ಆ ಹತ್ತು ನಿಮಿಷವೂ ಅವರಿಗೆ ಸಿಗುವುದಿಲ್ಲ. ಹತ್ತೂವರೆಯಿಂದ ಹನ್ನೆರಡರವರೆಗಿನ ಅವಧಿಯಲ್ಲಿ ಬೆಳಗಿನ ತುರ್ತು ಕೆಲಸ ಮುಗಿದು, ಕಾಫಿ ಆಗಿ, ಊಟಕ್ಕೆ ಇನ್ನೂ ಹೊತ್ತಿರುವುದರಿಂದ, ಎದುರಿಗಿರುವವರ ಮಾತನ್ನು ಕೇಳುವ ವ್ಯವಧಾನ ಇರುತ್ತದೆ.

ಊಟದ ನಂತರದ ಹೊತ್ತಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮಧ್ಯಾಹ್ನ ಒಂದರಿಂದ ಮೂರರ ನಡುವೆ ಎಚ್ಚರ ಕುಗ್ಗುವುದಕ್ಕೆ ಅನ್ನ ಸಾರು ಮಾತ್ರ ಕಾರಣವಲ್ಲ. ದೇಹದೊಳಗಿನ ಗಡಿಯಾರದಲ್ಲೇ ಆ ಹೊತ್ತಿಗೊಂದು ಇಳಿತ ಇದ್ದು, ಊಟ ಮಾಡದವರಲ್ಲೂ ಅದು ಕಾಣಿಸಿಕೊಳ್ಳುತ್ತದೆ. ಭಾರವಾದ ಊಟ ಅದನ್ನು ಹೆಚ್ಚಿಸುತ್ತದೆ. ನಮ್ಮ ಪ್ಯಾನೆಲ್ ಕೋಣೆಯಲ್ಲಿ ಎರಡೂಕಾಲರ ಸಂದರ್ಶನ ಹೇಗೆ ನಡೆಯುತ್ತದೆ ಎಂಬುದನ್ನು ನಾನು ಗಮನವಿಟ್ಟು ನೋಡಿದ್ದೇನೆ. ಬೆಳಿಗ್ಗೆ "ನಿಮ್ಮ ಹಿಂದಿನ ಕಂಪನಿಯಲ್ಲಿ ತಿಂಗಳ ಕೊನೆಯ ಲೆಕ್ಕ ಮುಗಿಸುವಾಗ ಜಿಎಸ್‌ಟಿ ಹೊಂದಾಣಿಕೆ ಹೇಗೆ ಮಾಡುತ್ತಿದ್ದಿರಿ, ಸರಬರಾಜುದಾರರ ಇನ್‌ವಾಯ್ಸ್ ತಾಳೆಯಾಗದಿದ್ದರೆ ಏನು ಮಾಡುತ್ತಿದ್ದಿರಿ?" ಎಂದು ಕೇಳಿದ್ದ ಹಿರಿಯರೊಬ್ಬರು ಮಧ್ಯಾಹ್ನ "ಜಿಎಸ್‌ಟಿ ಗೊತ್ತಲ್ಲ?" ಎಂದಷ್ಟೇ ಕೇಳುತ್ತಾರೆ. ಪ್ರಶ್ನೆ ಚಿಕ್ಕದಾದಷ್ಟೂ ಅಭ್ಯರ್ಥಿಗೆ ತನ್ನ ಅನುಭವವನ್ನು ಬಿಚ್ಚಿ ಹೇಳುವ ಅವಕಾಶ ಕಡಿಮೆಯಾಗುತ್ತದೆ. "ಹೌದು ಸಾರ್, ಗೊತ್ತು" ಎಂದು ಅಭ್ಯರ್ಥಿ ನಿಲ್ಲಿಸಿದರೆ, ಕೇಳಿದವರು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಾರೆ. ಬೆಳಗಿನ ಅಭ್ಯರ್ಥಿಯ ಬಗ್ಗೆ ನಮ್ಮ ಟಿಪ್ಪಣಿ ಅರ್ಧ ಪುಟ ತುಂಬಿದ್ದರೆ, ಮಧ್ಯಾಹ್ನದವರ ಹೆಸರಿನ ಮುಂದೆ ಎರಡು ಸಾಲು. ಸಂಜೆ ಕೂತು ಹೋಲಿಸುವಾಗ ಆ ಎರಡು ಸಾಲಿನವರ ಪರವಾಗಿ ವಾದಿಸಲು ಯಾರಲ್ಲೂ ಸಾಮಗ್ರಿ ಇರುವುದಿಲ್ಲ. ಆದ್ದರಿಂದ ಮಧ್ಯಾಹ್ನದ ಸಮಯವೇ ಸಿಕ್ಕವರಿಗೆ ನನ್ನ ಸಲಹೆ ಇಷ್ಟು: ಪ್ರಶ್ನೆ ಚಿಕ್ಕದಾಗಿದ್ದರೂ ಉತ್ತರವನ್ನು ಒಂದು ಉದಾಹರಣೆಯೊಡನೆ ಕೊಡಿ, ಕೇಳದಿದ್ದರೂ ಕೊಡಿ.

ಇದು ನನ್ನೊಬ್ಬನ ಅನಿಸಿಕೆಯೇ ಎಂದು ಸಂಶಯ ಬಂದು ಈ ವಿಷಯದ ಅಧ್ಯಯನಗಳನ್ನು ಹುಡುಕಿ ಓದಿದೆ. ಇಟಲಿಯ ಮೆಸ್ಸಿನಾ ವಿಶ್ವವಿದ್ಯಾಲಯದ ಒಂದು ಲಕ್ಷಕ್ಕೂ ಹೆಚ್ಚು ಮೌಖಿಕ ಪರೀಕ್ಷೆಗಳ ಫಲಿತಾಂಶಗಳನ್ನು ಪರಿಶೀಲಿಸಿದ ಸಂಶೋಧಕರು 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ತೇರ್ಗಡೆಯಾಗುವವರ ಪ್ರಮಾಣ ಬೆಳಗಿನಿಂದ ಏರುತ್ತ ಹೋಗಿ ಹನ್ನೆರಡರ ಆಸುಪಾಸಿನಲ್ಲಿ ಅತಿ ಹೆಚ್ಚಾಗಿದ್ದು, ಬಳಿಕ ಇಳಿಯುತ್ತದೆ. ಎಂಟು ಒಂಬತ್ತರ ನಡುವೆ ಮತ್ತು ಮೂರು ನಾಲ್ಕರ ನಡುವೆ ಅದು ಕಡಿಮೆ. ಇಳಿತ ವಿದ್ಯಾರ್ಥಿಗಳದ್ದೋ ಪರೀಕ್ಷಕರದ್ದೋ ಎಂದು ಆ ಅಂಕಿಗಳಿಂದ ಬೇರ್ಪಡಿಸಿ ಹೇಳಲಾಗದು. ಸಂದರ್ಶನಕ್ಕೆ ಹತ್ತಿರವಾದ ವಿಷಯವಾದ್ದರಿಂದ ನನಗೆ ಈ ಅಧ್ಯಯನ ಹೆಚ್ಚು ಉಪಯುಕ್ತವೆನಿಸಿತು.

ಇದಕ್ಕಿಂತ ಹೆಚ್ಚು ಪ್ರಸಿದ್ಧವಾದದ್ದು ಇಸ್ರೇಲಿನ ಪೆರೋಲ್ (ಶಿಕ್ಷೆ ಮುಗಿಯುವ ಮೊದಲೇ ಷರತ್ತಿನ ಬಿಡುಗಡೆ) ನ್ಯಾಯಾಧೀಶರ ಬಗೆಗಿನ 2011ರ ಅಧ್ಯಯನ. ಸಾವಿರಕ್ಕೂ ಮಿಕ್ಕಿದ ತೀರ್ಮಾನಗಳನ್ನು ನೋಡಿದ ಅದರ ಲೇಖಕರು, ದಿನದ ಆರಂಭದಲ್ಲಿ ಮತ್ತು ಪ್ರತಿ ಊಟ ತಿಂಡಿಯ ವಿರಾಮದ ನಂತರ ಕೈದಿಗಳ ಪರವಾದ ತೀರ್ಮಾನ ಶೇ. 65ರಷ್ಟಿದ್ದು, ವಿರಾಮಕ್ಕೆ ಮುನ್ನ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತಿತ್ತು ಎಂದು ತೋರಿಸಿದರು. ಹಸಿದ ನ್ಯಾಯಾಧೀಶರು ಬಿಡುಗಡೆ ಕೊಡುವುದಿಲ್ಲ ಎಂಬ ರೂಪದಲ್ಲಿ ಇದು ಲೋಕವೆಲ್ಲ ಹರಡಿತು. ಆದರೆ ಅದೇ ವರ್ಷ ಬಂದ ಪ್ರತಿಕ್ರಿಯೆಯೊಂದು, ಪ್ರಕರಣಗಳ ಸರದಿ ಯಾದೃಚ್ಛಿಕವಾಗಿರಲಿಲ್ಲ, ವಕೀಲರಿಲ್ಲದ ಕೈದಿಗಳ ಪ್ರಕರಣಗಳು ಪ್ರತಿ ಅವಧಿಯ ಕೊನೆಗೆ ಬರುತ್ತಿದ್ದವು ಎಂದು ಎತ್ತಿ ತೋರಿಸಿತು. ವಕೀಲರಿಲ್ಲದವರಿಗೆ ಬಿಡುಗಡೆ ಸಿಗುವುದು ಹೇಗೂ ಕಡಿಮೆ. ಇದನ್ನು ಓದಿದ ಮೇಲೆ ಆ ಅಂಕಿಗಳನ್ನು ಸಂದರ್ಶನದ ಮಾತಿಗೆ ಎಳೆದು ತರುವುದನ್ನು ನಾನು ನಿಲ್ಲಿಸಿದ್ದೇನೆ. ಭಾಷಣಗಳಲ್ಲಿ ಅದನ್ನೇ ಹೇಳುವವರೂ ನಿಲ್ಲಿಸಬೇಕೆಂಬುದು ನನ್ನ ಅಪೇಕ್ಷೆ.

ನನ್ನ ಕೆಲಸದ ರೀತಿಯನ್ನೇ ಬದಲಿಸಿದ್ದು ಮೂರನೆಯದು. 2013ರಲ್ಲಿ ಪ್ರಕಟವಾದ ಈ ಅಧ್ಯಯನ ಎಂಬಿಎ ಪ್ರವೇಶದ ಹತ್ತು ವರ್ಷಗಳ, ಒಂಬತ್ತು ಸಾವಿರಕ್ಕೂ ಹೆಚ್ಚು ಸಂದರ್ಶನಗಳನ್ನು ಆಧರಿಸಿದ್ದು. ಒಬ್ಬ ಸಂದರ್ಶಕ ಆ ದಿನ ಆವರೆಗೆ ಕೊಟ್ಟ ಅಂಕಗಳು ಹೆಚ್ಚಾಗಿದ್ದಷ್ಟೂ ಮುಂದೆ ಬಂದವರಿಗೆ ಅಂಕ ಕಡಿಮೆಯಾಗುತ್ತಿತ್ತು ಎಂಬುದು ಅದರ ತಿರುಳು. ಎಲ್ಲರಿಗೂ ಒಳ್ಳೆಯ ಅಂಕ ಕೊಡುತ್ತಿದ್ದೇನಲ್ಲ ಎಂಬ ಹಿಂಜರಿಕೆ ಒಳಗೊಳಗೇ ಕೆಲಸ ಮಾಡುತ್ತದೆ. ಆ ದಿನದ ನಾಲ್ಕಾರು ಜನರನ್ನೇ ಇಡೀ ಗುಂಪು ಎಂದು ಭಾವಿಸಿ, ಅವರೊಳಗೇ ಮೇಲು ಕೆಳಗು ಹಂಚಿಬಿಡುತ್ತೇವೆ. ಪ್ಯಾನೆಲ್‌ನಲ್ಲಿ "ಮೂವರಿಗೂ ನಾಲ್ಕು ಕೊಟ್ಟಾಯಿತು, ಇವರಿಗೆ ಮೂರು ಇರಲಿ" ಎಂಬ ಮಾತನ್ನು ಕೇಳಿದವರಿಗೆ ಇದು ಹೊಸದೆನಿಸದು. ನಾಲ್ಕನೆಯವರು ಮಾಡಿದ ತಪ್ಪೇನು? ಮೂವರು ಒಳ್ಳೆಯವರ ನಂತರ ಬಂದದ್ದು. ಅಭ್ಯರ್ಥಿಯಾಗಿ ನೀವು ಈ ಸರದಿಯನ್ನು ತಿಳಿಯಲಾರಿರಿ, ತಿಳಿಯಲು ಯತ್ನಿಸಿದರೂ ಅದು ಸಭ್ಯವಾಗಿ ಕಾಣುವುದಿಲ್ಲ. ದಿನದ ಕೊನೆಯ ಸಮಯವನ್ನು ನೀವಾಗಿಯೇ ಆರಿಸಿಕೊಳ್ಳದಿರುವುದಷ್ಟೇ ನಿಮ್ಮ ಕೈಯಲ್ಲಿದೆ. ಪ್ಯಾನೆಲ್‌ನವರು ಮಾತ್ರ ಬಹಳಷ್ಟು ಮಾಡಬಹುದು: ಪ್ರತಿ ಸಂದರ್ಶನ ಮುಗಿದ ಕೂಡಲೇ, ಮುಂದಿನವರನ್ನು ಕರೆಯುವ ಮೊದಲು, ಕೆಲಸಕ್ಕೆ ಬೇಕಾದ ಗುಣಗಳ ಪಟ್ಟಿಯ ಎದುರು ಅಂಕ ಬರೆದಿಡುವುದು, ಊಟದ ನಂತರದ ಅವಧಿಗೆ ಒಬ್ಬರನ್ನು ಕಡಿಮೆ ಕರೆಯುವುದು, ಎಲ್ಲರಿಗೂ ಮೊದಲ ನಾಲ್ಕು ಪ್ರಶ್ನೆಗಳನ್ನಾದರೂ ಒಂದೇ ಮಾತಿನಲ್ಲಿ ಕೇಳುವುದು. ನೇಮಕಾತಿ ಮಾಡುವ ಗೆಳೆಯರು ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿ, ಇದಕ್ಕೆ ಹಣ ಖರ್ಚಾಗುವುದಿಲ್ಲ.

ಇಷ್ಟೆಲ್ಲ ಕಚೇರಿಯೊಳಗಿನ ಮಾತಾಯಿತು. ಬೆಂಗಳೂರಿನಲ್ಲಿ ಸಂದರ್ಶನದ ಹೊತ್ತನ್ನು ನಿಜವಾಗಿ ತೀರ್ಮಾನಿಸುವುದು ರಸ್ತೆ. ಬೆಳಿಗ್ಗೆ ಎಂಟೂವರೆಯಿಂದ ಹತ್ತೂವರೆಯವರೆಗೆ ಸಿಲ್ಕ್ ಬೋರ್ಡ್, ಟಿನ್ ಫ್ಯಾಕ್ಟರಿ, ಹೆಬ್ಬಾಳ, ಮಾರತ್‌ಹಳ್ಳಿಗಳಲ್ಲಿ ಸಿಕ್ಕಿಕೊಂಡವರು ಎಷ್ಟು ಹೊತ್ತಿಗೆ ಬಿಡಿಸಿಕೊಳ್ಳುತ್ತಾರೆಂದು ಯಾವ ಮ್ಯಾಪೂ ನಿಖರವಾಗಿ ಹೇಳದು. ಹತ್ತೂವರೆಯ ಸಂದರ್ಶನಕ್ಕೆ ಹೋಗುವವರು ಈ ದಟ್ಟಣೆಯ ನಡುವೆಯೇ ಪ್ರಯಾಣ ಮಾಡಬೇಕಾಗುತ್ತದೆ. ಹನ್ನೊಂದೂವರೆಗೆ ಕೇಳಿಕೊಂಡರೆ ಸ್ವಲ್ಪ ಸಡಿಲಾದ ರಸ್ತೆ ಸಿಗುತ್ತದೆ, ಕಚೇರಿಯ ಒಳ್ಳೆಯ ಅವಧಿಯೂ ಉಳಿದಿರುತ್ತದೆ. ಹಾಗಾಗಿ ನಗರದ ಒಳಗಿನವರಿಗೂ ನಾನು ಹೇಳುವುದು ಹತ್ತೂವರೆಯಲ್ಲ, ಹನ್ನೊಂದು ಅಥವಾ ಹನ್ನೊಂದೂವರೆ. ಮೆಟ್ರೊ ಇರುವ ಕಡೆ ಲೆಕ್ಕ ಬೇರೆ. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿಯಾಗಿ ಓಡುತ್ತಿದೆ. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿ ಬೊಮ್ಮಸಂದ್ರದವರೆಗೆ ಹೋಗುತ್ತದೆ. ಈ ಎರಡು ಮಾರ್ಗಗಳ ಪಕ್ಕದಲ್ಲಿ ಕಚೇರಿಯಿದ್ದರೆ ಬೆಳಗಿನ ಯಾವ ಸಮಯವನ್ನಾದರೂ ಒಪ್ಪಿಕೊಳ್ಳಬಹುದು, ನಿಲ್ದಾಣದಿಂದ ಕಚೇರಿಯ ಗೇಟಿನವರೆಗಿನ ದೂರವನ್ನೂ, ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿ ವಿಸಿಟರ್ ಪಾಸ್ ಪಡೆಯುವ ಹೊತ್ತನ್ನೂ ಸೇರಿಸಿಕೊಂಡರೆ ಸಾಕು. ದೊಡ್ಡ ಟೆಕ್ ಪಾರ್ಕ್‌ಗಳಲ್ಲಿ ಈ ಕೊನೆಯ ಹಂತವೇ ಇಪ್ಪತ್ತು ನಿಮಿಷ ನುಂಗುತ್ತದೆ.

ಹೊರ ಊರಿನಿಂದ ಬರುವವರ ಕಷ್ಟ ಇದಕ್ಕಿಂತ ದೊಡ್ಡದು, ಈ ಬರಹವನ್ನು ನಾನು ಮುಖ್ಯವಾಗಿ ಬರೆಯುತ್ತಿರುವುದೂ ಅವರಿಗಾಗಿ. ಕಲಬುರಗಿ, ಬೀದರ್, ಹುಬ್ಬಳ್ಳಿ, ಶಿವಮೊಗ್ಗಗಳಿಂದ ರಾತ್ರಿ ಬಸ್ಸು ಅಥವಾ ರೈಲು ಹಿಡಿದು ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿಯುವ ಹುಡುಗರಿಗೆ, ಒಂಬತ್ತೂವರೆಯ ಸಂದರ್ಶನ ಎಂದರೆ ಸ್ನಾನಕ್ಕೆ ಜಾಗ ಹುಡುಕುವುದು, ಇಸ್ತ್ರಿ ಮಾಡಿದ ಅಂಗಿಯನ್ನು ಸುಕ್ಕಾಗದಂತೆ ಬ್ಯಾಗಿನಿಂದ ತೆಗೆಯುವುದು, ತಿಂಡಿ, ಆಮೇಲೆ ಗೊತ್ತಿಲ್ಲದ ಊರಿನಲ್ಲಿ ಗೊತ್ತಿಲ್ಲದ ಬಸ್ಸು, ಇಷ್ಟನ್ನೂ ಮೂರು ಗಂಟೆಯಲ್ಲಿ ಮುಗಿಸುವ ಓಟ. ಒಮ್ಮೆ ಕಲಬುರಗಿ ಕಡೆಯ ಹುಡುಗನೊಬ್ಬ ನಮ್ಮ ಮುಂದೆ ಕೂತಾಗ ಅವನ ಕಣ್ಣು ಕೆಂಪಾಗಿತ್ತು, ಮಾತು ನಡುನಡುವೆ ನಿಲ್ಲುತ್ತಿತ್ತು. ಉತ್ತರ ಗೊತ್ತಿದ್ದೂ ಪದ ಸಿಗದೆ ತಡವರಿಸುವುದಕ್ಕೂ, ಉತ್ತರವೇ ಗೊತ್ತಿಲ್ಲದಿರುವುದಕ್ಕೂ ವ್ಯತ್ಯಾಸವಿದೆ. ಆದರೆ ಮೇಜಿನ ಈಚೆ ಕೂತವರಿಗೆ ಆ ವ್ಯತ್ಯಾಸ ಅರ್ಧ ಗಂಟೆಯಲ್ಲಿ ತಿಳಿಯುವುದು ಸುಲಭವಲ್ಲ. ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದೆ ಎಂದು ಅವನು ಹೇಳಿದ್ದು ಎದ್ದು ಹೊರಡುವಾಗ. ನಮ್ಮ ಎಚ್‌ಆರ್‌ನವರು ಅವನಿಗೆ ಹನ್ನೆರಡರ ಸಮಯವನ್ನೂ ಸೂಚಿಸಿದ್ದರು. ಬೇಗ ಮುಗಿಸಿದರೆ ಉತ್ಸಾಹ ತೋರಿಸಿದಂತಾಗುತ್ತದೆ ಎಂದುಕೊಂಡು ಅವನೇ ಒಂಬತ್ತೂವರೆ ಆರಿಸಿದ್ದ. ಅವನಿಗೆ ಯಾರಾದರೂ ಮೊದಲೇ ಹೇಳಿದ್ದರೆ ಎಂದು ನನಗೆ ಇಂದಿಗೂ ಅನಿಸುತ್ತದೆ. ಬೇಗನೆಯ ಸಮಯ ಆರಿಸಿದ್ದಕ್ಕೆ ಯಾವ ಕಂಪನಿಯೂ ಅಂಕ ಕೊಡುವುದಿಲ್ಲ.

ಹೊರ ಊರಿನವರು ಹಿಂದಿನ ದಿನ ಮಧ್ಯಾಹ್ನವೇ ಹೊರಟು ರಾತ್ರಿ ಬಂಧುಗಳ ಮನೆಯಲ್ಲೋ ಗೆಳೆಯರ ಪಿಜಿಯಲ್ಲೋ ಮಲಗಿ ಎದ್ದು ಹೋಗುವುದು ಎಲ್ಲಕ್ಕಿಂತ ಉತ್ತಮ. ಅದು ಸಾಧ್ಯವಾಗದಿದ್ದರೆ ಹನ್ನೆರಡಕ್ಕಿಂತ ಮೊದಲಿನ ಸಮಯ ಬೇಡ ಎಂದು ಕೇಳಿಕೊಳ್ಳಬೇಕು, ಮತ್ತು ಸಂದರ್ಶನ ಮೊದಲ ಸುತ್ತಿನದಾದರೆ ವಿಡಿಯೊದಲ್ಲಿ ಮಾಡಬಹುದೇ ಎಂದು ಸಂಕೋಚವಿಲ್ಲದೆ ವಿಚಾರಿಸಬೇಕು. ಈಗ ಬಹಳ ಕಂಪನಿಗಳು ಮೊದಲ ಸುತ್ತನ್ನು ಹಾಗೆಯೇ ಮಾಡುತ್ತವೆ.

ಇನ್ನು ರಾಹುಕಾಲ. ನಮ್ಮ ಮನೆಗಳಲ್ಲಿ ಸಂದರ್ಶನದ ದಿನ ಕ್ಯಾಲೆಂಡರ್ ತಿರುವಿ ನೋಡದ ಹಿರಿಯರು ಕಡಿಮೆ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಎಂಟು ಭಾಗ ಮಾಡಿ ಅದರಲ್ಲಿ ಒಂದನ್ನು ರಾಹುವಿಗೆ ಬಿಡುವ ಈ ಲೆಕ್ಕದಲ್ಲಿ, ಸಾಮಾನ್ಯವಾಗಿ ಸೋಮವಾರ 7:30ರಿಂದ 9, ಮಂಗಳವಾರ ಮಧ್ಯಾಹ್ನ 3ರಿಂದ 4:30, ಬುಧವಾರ 12ರಿಂದ 1:30, ಗುರುವಾರ 1:30ರಿಂದ 3, ಶುಕ್ರವಾರ 10:30ರಿಂದ 12 ಎಂದು ಬರುತ್ತದೆ. ನಂಬುವವರನ್ನು ನಾನು ಬಿಡಿಸಲು ಹೋಗುವುದಿಲ್ಲ. ಕೆಟ್ಟ ಹೊತ್ತಿನಲ್ಲಿ ಹೊರಟೆನಲ್ಲ ಎಂಬ ಅಳುಕನ್ನು ಹೊತ್ತು ಬಂದವರು ಅದರಿಂದಲೇ ತಡವರಿಸಬಹುದು. ಸಮಾಧಾನದ ಸಂಗತಿಯೆಂದರೆ ಮಂಗಳವಾರ, ಬುಧವಾರ, ಗುರುವಾರಗಳ ಹನ್ನೊಂದು ಗಂಟೆಗೆ ರಾಹುಕಾಲ ಇಲ್ಲ. ಶುಕ್ರವಾರವೊಂದರಲ್ಲಿ ಅದು ಕಚೇರಿಯ ಒಳ್ಳೆಯ ಅವಧಿಯನ್ನೇ ಪೂರ್ತಿ ಆವರಿಸುತ್ತದೆ. ಮನೆಯವರು ಒಪ್ಪದಿದ್ದರೆ ಶುಕ್ರವಾರವನ್ನೇ ಬಿಟ್ಟು ಬೇರೆ ದಿನ ಕೇಳಿ. ರಾಹುಕಾಲ ತಪ್ಪಿಸುವುದಕ್ಕಾಗಿ ಎರಡು ಗಂಟೆಯ ಸಮಯಕ್ಕೆ ಹೋಗುವುದು ಜಾಣತನವಲ್ಲ.

ಈಗಾಗಲೇ ಕೆಲಸದಲ್ಲಿದ್ದು ಬೇರೆ ಕಡೆ ಪ್ರಯತ್ನಿಸುತ್ತಿರುವವರು ಬೆಳಿಗ್ಗೆ ಎಂಟೂವರೆ ಅಥವಾ ಸಂಜೆ ಆರನ್ನು ಕೇಳುವುದುಂಟು. ಇರುವ ಕೆಲಸಕ್ಕೆ ಸುಳ್ಳು ಹೇಳದೆ ಹೋಗಿಬರಬೇಕೆಂಬ ಅವರ ಕಾಳಜಿ ನನಗೆ ಮೆಚ್ಚುಗೆಯೇ. ಆದರೂ ಮುಖ್ಯವಾದ ಸುತ್ತಿಗೆ ಅರ್ಧ ದಿನದ ರಜೆ ಹಾಕುವುದು ಒಳಿತು, ಏಕೆಂದರೆ ಎಂಟು ಗಂಟೆ ದುಡಿದ ಮೇಲೆ ನಿಮ್ಮಲ್ಲೂ ಸಂದರ್ಶಕರಲ್ಲೂ ಉಳಿದಿರುವುದು ಅಷ್ಟಕ್ಕಷ್ಟೆ. ರಾತ್ರಿ ಪಾಳಿಯವರ ವಿಷಯ ತಿರುವುಮುರುವು. ಬೆಳಿಗ್ಗೆ ಆರಕ್ಕೆ ಕ್ಯಾಬ್‌ನಲ್ಲಿ ಮನೆ ಸೇರಿ ಮಲಗುವವರಿಗೆ ಹನ್ನೊಂದು ಗಂಟೆ ಅಂದರೆ ನಡುರಾತ್ರಿ. ಅಂಥವರು ಮಧ್ಯಾಹ್ನ ನಾಲ್ಕನ್ನು ಕೇಳುವುದೇ ಸರಿ, ನಾನು ಮೇಲೆ ಹೇಳಿದ ಯಾವ ಲೆಕ್ಕವೂ ಅವರಿಗೆ ಅನ್ವಯಿಸುವುದಿಲ್ಲ. ಚಿಕ್ಕ ಮಕ್ಕಳಿರುವ ತಾಯಂದಿರಿಗೆ ಶಾಲೆಯ ವ್ಯಾನು ಹೋದ ಮೇಲಿನ ಹೊತ್ತು, ಮತ್ತೆ ವ್ಯಾನು ಬರುವುದಕ್ಕೆ ಮೊದಲಿನ ಹೊತ್ತು ಮಾತ್ರ ತಮ್ಮದು. ಕಾರಣ ವಿವರಿಸಬೇಕಾದ ಅಗತ್ಯವಿಲ್ಲದೆ "11ರಿಂದ 1ರ ನಡುವೆ ಅನುಕೂಲ" ಎಂದು ಬರೆದರೆ ಸಾಕು.

ವಿಡಿಯೊ ಸಂದರ್ಶನಕ್ಕೆ ರಸ್ತೆಯ ಚಿಂತೆ ಇಲ್ಲ, ಬದಲಿಗೆ ಕರೆಂಟಿನ ಚಿಂತೆ. ಬೆಸ್ಕಾಂನವರು ಮೊದಲೇ ಪ್ರಕಟಿಸಿ ಮಾಡುವ ನಿರ್ವಹಣಾ ಕಾಮಗಾರಿಗಳು ಹೆಚ್ಚಾಗಿ ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ಇರುತ್ತವೆ, ಅಂದರೆ ಸರಿಯಾಗಿ ಸಂದರ್ಶನದ ಹೊತ್ತಿಗೆ. ಸಮಯ ಒಪ್ಪಿಕೊಳ್ಳುವ ಮೊದಲು ನಿಮ್ಮ ಬಡಾವಣೆಯ ಹೆಸರು ಆ ಪಟ್ಟಿಯಲ್ಲಿದೆಯೇ ನೋಡಿಕೊಳ್ಳಿ. ಅಮೆರಿಕದ ಮ್ಯಾನೇಜರ್ ಮಾತಾಡುವ ಕೊನೆಯ ಸುತ್ತಾದರೆ ಅವರ ಬೆಳಗು ನಮಗೆ ರಾತ್ರಿ. ನ್ಯೂಯಾರ್ಕಿನ ಬೆಳಗಿನ ಹತ್ತು ಗಂಟೆ ಎಂದರೆ ಬೇಸಿಗೆಯಲ್ಲಿ ನಮಗೆ ಸಂಜೆ 7:30, ಚಳಿಗಾಲದಲ್ಲಿ ರಾತ್ರಿ 8:30. ಅಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ ಗಡಿಯಾರ ಬದಲಾಗುವುದರಿಂದ, ಆ ವಾರಗಳಲ್ಲಿ ಸಮಯ ನಿಗದಿಯಾದರೆ "ಭಾರತೀಯ ಕಾಲಮಾನ ಎಷ್ಟು ಗಂಟೆ?" ಎಂದು ಬರೆದು ಖಚಿತಪಡಿಸಿಕೊಳ್ಳಬೇಕು. ಲಂಡನ್ನಿನವರೊಡನೆ ಮಾತಾಡುವುದಾದರೆ ಅವರ ಹತ್ತು ಗಂಟೆ ನಮ್ಮ ಎರಡೂವರೆ ಅಥವಾ ಮೂರೂವರೆ. ಅವರು ಆಗಷ್ಟೇ ಕಾಫಿ ಕುಡಿದು ಕೂತಿರುತ್ತಾರೆ, ಮಂಪರು ನಮ್ಮದು ಮಾತ್ರ. ಅಂದು ಊಟ ಹಗುರವಾಗಿರಲಿ.

ಆಯ್ಕೆಯೇ ಇಲ್ಲದ ಸಂದರ್ಶನಗಳೂ ಇವೆ. ಯುಪಿಎಸ್‌ಸಿ ನಾಗರಿಕ ಸೇವೆಯ ವ್ಯಕ್ತಿತ್ವ ಪರೀಕ್ಷೆಗೆ 275 ಅಂಕಗಳಿವೆ. ಆಯೋಗದ ಕಚೇರಿಯಿರುವ ದೆಹಲಿಯ ಧೋಲ್‌ಪುರ್ ಹೌಸ್‌ಗೆ ಬೆಳಿಗ್ಗೆ ಬರಬೇಕೋ ಮಧ್ಯಾಹ್ನ ಬರಬೇಕೋ ಎಂಬುದನ್ನು ಆಯೋಗವೇ ತಿಳಿಸುತ್ತದೆ, ಯಾವ ಮಂಡಳಿಯ ಮುಂದೆ ಎಂಬುದು ಅಲ್ಲಿಗೆ ಹೋದ ಮೇಲಷ್ಟೇ ಗೊತ್ತಾಗುತ್ತದೆ. ಅಲ್ಲಿ ಹೊತ್ತಿನ ಬಗ್ಗೆ ತಲೆಕೆಡಿಸಿಕೊಳ್ಳುವುದು ವ್ಯರ್ಥ. ವಾಕ್‌ಇನ್ ಸಂದರ್ಶನಗಳಲ್ಲಿ ಮಾತ್ರ ಸ್ವಲ್ಪ ಸ್ವಾತಂತ್ರ್ಯ ಇದೆ: "9ರಿಂದ 1" ಎಂದು ಜಾಹೀರಾತಿನಲ್ಲಿದ್ದರೆ ಎಂಟೂವರೆಗೇ ಹೋಗಿ ಟೋಕನ್ ತೆಗೆದುಕೊಳ್ಳಬೇಕು, ಏಕೆಂದರೆ ಹನ್ನೆರಡಕ್ಕೆ ಹೋದವರ ಸರದಿ ಬರುವುದು ನಾಲ್ಕರ ಮೇಲೆ, ಅಷ್ಟರಲ್ಲಿ ಹಸಿವು, ದಣಿವು, ಬೇಸರ ಎಲ್ಲ ಎರಡೂ ಕಡೆ ಸೇರಿರುತ್ತದೆ.

ಕೊನೆಯದಾಗಿ, ಕೇಳುವುದು ಹೇಗೆ ಎಂಬುದು. ನನಗೆ ಬರುವ ಇಮೇಲ್‌ಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದು ಮೂರು ಸಾಲಿನವು: "ಸಂದರ್ಶನದ ಅವಕಾಶಕ್ಕಾಗಿ ಧನ್ಯವಾದಗಳು. ನಾನು ಹುಬ್ಬಳ್ಳಿಯಿಂದ ಬರಬೇಕಾಗಿರುವುದರಿಂದ ಬುಧವಾರ ಅಥವಾ ಗುರುವಾರ ಹನ್ನೊಂದೂವರೆಯ ನಂತರದ ಸಮಯ ದೊರೆತರೆ ಅನುಕೂಲವಾಗುತ್ತದೆ. ಅದು ಸಾಧ್ಯವಾಗದಿದ್ದಲ್ಲಿ ತಾವು ಸೂಚಿಸಿದ ಮಂಗಳವಾರದ ಸಮಯಕ್ಕೇ ಹಾಜರಾಗುತ್ತೇನೆ." ಇಂಗ್ಲಿಷಿನಲ್ಲಿ ಬರೆಯುವಾಗಲೂ ಇಷ್ಟೇ ಸಾಕು. ಕರೆ ಬಂದ ದಿನವೇ ಬರೆಯಬೇಕು. ಹಿಂದಿನ ಸಂಜೆ ಬರೆದರೆ ಪ್ಯಾನೆಲ್‌ನವರ ಕ್ಯಾಲೆಂಡರ್ ಆಗಲೇ ತುಂಬಿರುತ್ತದೆ. ಬದಲಾವಣೆಯನ್ನು ಒಂದೇ ಬಾರಿ ಕೇಳಬೇಕು, ಎರಡನೆಯ ಬಾರಿ ಕೇಳಿದರೆ ಎಚ್‌ಆರ್‌ನವರಿಗೆ ಕಿರಿಕಿರಿಯಾಗುವುದು ಸಹಜ. ಹೀಗೆ ಮರ್ಯಾದೆಯಿಂದ ಸಮಯ ಕೇಳಿದ ಕಾರಣಕ್ಕೆ ಒಬ್ಬ ಅಭ್ಯರ್ಥಿಯನ್ನು ಕೈಬಿಟ್ಟದ್ದನ್ನು ನಾನು ಕೂತ ಯಾವ ಪ್ಯಾನೆಲ್‌ನಲ್ಲೂ ನೋಡಿಲ್ಲ. ಎರಡು ದಿನದಲ್ಲಿ ಉತ್ತರ ಬಾರದಿದ್ದರೆ ಒಮ್ಮೆ ಫೋನ್ ಮಾಡಿ ವಿಚಾರಿಸಿ, ಆಗಲೂ ಸ್ಪಷ್ಟವಾಗದಿದ್ದರೆ ಮೊದಲು ಹೇಳಿದ ಸಮಯಕ್ಕೇ ಹೋಗಿ.